ಬಲೂ ತಮ್ಮ: ದಪ್ಪ ಶೀರ್ಷಿಕೆ ಅಕ್ಷರಶೈಲಿ ಮತ್ತು ಅದರ ಬಳಕೆ

ಪರಿಚಯ

‘ಬಲೂ ತಮ್ಮ’ ಎಂಬುದು ಕನ್ನಡ ಹಾಗೂ ರೋಮನ್ ಲಿಪಿಗಳನ್ನು ಒಳಗೊಂಡ ಶೀರ್ಷಿಕೆ ಅಕ್ಷರಶೈಲಿ, ಅಂದರೆ ದೊಡ್ಡ ಗಾತ್ರದ ತಲೆಬರಹಗಳಿಗೆಂದು ರೂಪಿಸಲಾದ ಫಾಂಟ್. ಇದನ್ನು ಮುಂಬೈನ ಏಕ್ ಟೈಪ್ ಸಂಸ್ಥೆಯು ವಿನ್ಯಾಸಗೊಳಿಸಿದ್ದು, 2016ರಿಂದ ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಲಭ್ಯವಿದೆ. ಇದೇ ಬಳಗದ ತೆಲುಗು ಶೈಲಿಗೆ ‘ತಮ್ಮುಡು’, ತಮಿಳು ಶೈಲಿಗೆ ‘ತಂಬಿ’ ಎಂದು ಆಯಾ ಭಾಷೆಯ ಸೋದರವಾಚಕ ಪದಗಳನ್ನೇ ಇಡಲಾಗಿದೆ.

ಸ್ವರೂಪ

ಅಕ್ಷರಗಳ ಗೆರೆಗಳು ದಪ್ಪವಾಗಿಯೂ ತುದಿಗಳು ದುಂಡಾಗಿಯೂ ಇದ್ದು, ನೋಟಕ್ಕೆ ಲವಲವಿಕೆಯಿಂದ ಕೂಡಿವೆ. ಮೊದಲ ಆವೃತ್ತಿಯಲ್ಲಿ ಒಂದೇ ದಪ್ಪವಿತ್ತು. ನಂತರದ ‘ಬಲೂ ತಮ್ಮ 2’ ಆವೃತ್ತಿಯಲ್ಲಿ ಐದು ದಪ್ಪಗಳಿವೆ.

ಸೂಕ್ತ ಬಳಕೆ

1. ಭಿತ್ತಿಪತ್ರ, ಕರಪತ್ರ ಮತ್ತು ಬ್ಯಾನರ್‌ಗಳ ತಲೆಬರಹ
2. ಮಕ್ಕಳ ಪುಸ್ತಕಗಳ ಹೊದಿಕೆ
3. ಅಂಗಡಿ ಹಾಗೂ ಸಂಘಗಳ ನಾಮಫಲಕ

ಮುಕ್ತ ಫಾಂಟ್ ಪರವಾನಗಿಯಡಿ ನೀಡಲಾಗಿರುವುದರಿಂದ ವಾಣಿಜ್ಯ ಮುದ್ರಣಕ್ಕೂ ಶುಲ್ಕವಿಲ್ಲ. ಆದರೆ ಫಾಂಟ್ ಕಡತವನ್ನಷ್ಟೇ ಪ್ರತ್ಯೇಕವಾಗಿ ಮಾರಾಟ ಮಾಡುವಂತಿಲ್ಲ.

ಅರ್ಜಿಗಳಲ್ಲಿ ಏಕೆ ಸೂಕ್ತವಲ್ಲ

ಕನ್ನಡದಲ್ಲಿ ಪ–ಫ, ದ–ಧ, ಡ–ಢ ಜೋಡಿಗಳನ್ನು ಬೇರ್ಪಡಿಸುವುದು ಅಕ್ಷರದ ಕೆಳಗಿನ ಒಂದು ಚಿಕ್ಕ ಸೀಳು ಮಾತ್ರ. ರ–ಠ ಜೋಡಿಯಲ್ಲಿ ಒಳಗಿನ ಒಂದು ಚುಕ್ಕೆ. ದಪ್ಪ ಅಕ್ಷರವನ್ನು ಸಣ್ಣ ಗಾತ್ರದಲ್ಲಿ ಮುದ್ರಿಸಿದಾಗ ಈ ಗುರುತುಗಳು ಮಸಿಯಲ್ಲಿ ಮುಚ್ಚಿಹೋಗುವ ಸಂಭವವಿರುತ್ತದೆ. ಅಂಚುಗಳು ಒರಟಾಗಿರುವ ಅಲಂಕಾರಿಕ ಶೈಲಿಗಳಲ್ಲಿಯೂ, ನೆರಳಚ್ಚು ಪ್ರತಿಗಳಲ್ಲಿಯೂ ಈ ತೊಂದರೆ ಮತ್ತಷ್ಟು ಹೆಚ್ಚುತ್ತದೆ. ಒತ್ತಕ್ಷರಗಳೂ ಅಸ್ಪಷ್ಟವಾಗಬಹುದು.

ಉದಾಹರಣೆಗೆ, ‘ಫಣಿರಾಜ’ ಎಂಬ ಹೆಸರು ‘ಪಣಿರಾಜ’ ಎಂದು ದಾಖಲಾದಲ್ಲಿ ಇತರ ದಾಖಲೆಗಳೊಂದಿಗೆ ತಾಳೆಯಾಗದೆ, ಅರ್ಜಿದಾರರು ತಿದ್ದುಪಡಿಗಾಗಿ ಪುನಃ ಅಲೆಯಬೇಕಾಗುತ್ತದೆ.

ಯೂನಿಕೋಡ್ ಕುರಿತು

ಬಲೂ ತಮ್ಮ ಯೂನಿಕೋಡ್ ಆಧಾರಿತ ಶೈಲಿಯಾದ್ದರಿಂದ, ಅದರಲ್ಲಿ ಸಿದ್ಧಪಡಿಸಿದ ಪಠ್ಯವನ್ನು ಬೇರೊಂದು ಯೂನಿಕೋಡ್ ಶೈಲಿಗೆ ಬದಲಾಯಿಸಿದರೂ ಅಕ್ಷರಗಳು ಕೆಡುವುದಿಲ್ಲ. ಯೂನಿಕೋಡ್ ಅಲ್ಲದ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡಿದ ಪಠ್ಯವು, ಆ ಫಾಂಟ್ ಇಲ್ಲದ ಗಣಕಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೋರುತ್ತದೆ.

ಅರ್ಜಿದಾರರ ಗಮನಕ್ಕೆ

1. ಅರ್ಜಿ, ಪ್ರಮಾಣಪತ್ರ ಮತ್ತು ಲಗತ್ತುಗಳ ಪಠ್ಯಕ್ಕೆ ಸರಳವಾದ, ಸಾಧಾರಣ ದಪ್ಪದ ಯೂನಿಕೋಡ್ ಶೈಲಿಯನ್ನು ಬಳಸುವುದು ಒಳಿತು.
2. ಅನುಸ್ವಾರದ (ಂ) ಬದಲಿಗೆ ಕನ್ನಡದ ಸೊನ್ನೆಯನ್ನು (೦) ಒತ್ತಬಾರದು. ನೋಟಕ್ಕೆ ಎರಡೂ ಒಂದೇ ಆಗಿದ್ದರೂ ಗಣಕಯಂತ್ರವು ಅವುಗಳನ್ನು ಬೇರೆ ಬೇರೆ ಎಂದೇ ಪರಿಗಣಿಸುವುದರಿಂದ, ಹುಡುಕಿದಾಗ ಹೆಸರು ದೊರೆಯದೆ ಹೋಗಬಹುದು.
3. ಸಲ್ಲಿಸುವ ಮುನ್ನ ಮುದ್ರಿತ ಪ್ರತಿಯಲ್ಲಿ ಹೆಸರು, ತಂದೆ ಅಥವಾ ಪತಿಯ ಹೆಸರು ಹಾಗೂ ಊರಿನ ಹೆಸರನ್ನು ಅಕ್ಷರಶಃ ಓದಿ ಖಚಿತಪಡಿಸಿಕೊಳ್ಳತಕ್ಕದ್ದು.