ಅಂಚಿನಲ್ಲಿ ಮದ್ದು

ಕಾಲೇಜಿನ ದಿನಗಳಲ್ಲಿ ಎನ್.ಸಿ.ಸಿ. ಸೇರಿದ್ದವರು .22 ರೈಫಲನ್ನು ಒಮ್ಮೆಯಾದರೂ ಹಿಡಿದಿರುತ್ತಾರೆ. 1970ರ ದಶಕದಲ್ಲಿ ನಾನೂ ನೆಲಕ್ಕೆ ಎದೆಯೂರಿ ಮಲಗಿ ಐದು ಗುಂಡು ಹಾರಿಸಿದವನೇ. ಅಂದು ಗುರಿಯ ಹಲಗೆಗಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಅಂಗೈಯಲ್ಲಿದ್ದ ತೋಟಾ. ಉದ್ದ ಒಂದೇ ಅಂಗುಲ. ಹಿತ್ತಾಳೆಯ ಬುಡ ಬೋಳಾಗಿ, ನುಣ್ಣಗೆ ಇತ್ತು. ಮಲೆನಾಡಿನ ಮನೆಯಲ್ಲಿ ಚಿಕ್ಕಪ್ಪಯ್ಯನ ಕೇಪಿನ ಕೋವಿಯನ್ನು ನೋಡುತ್ತ ಬೆಳೆದ ನನಗೆ, ಕೇಪೇ ಇಲ್ಲದ ಈಡು ಹೇಗೆ ಹಾರೀತೆಂಬುದು ಒಗಟಾಯಿತು. ಹವಾಲ್ದಾರರನ್ನು ಕೇಳಿದೆ. "ಮದ್ದು ಅಂಚಿನಲ್ಲಿದೆ, ನೀನು ಗುರಿ ನೋಡು" ಎಂದರು. ಉತ್ತರ ಚಿಕ್ಕದಾದರೂ ನಿಜವಾಗಿತ್ತು. ಅದರ ಹಿಂದಿರುವ ಚರಿತ್ರೆ ತಿಳಿಯಲು ನನಗೆ ಬಹುಕಾಲ ಬೇಕಾಯಿತು.

ಸಾಮಾನ್ಯ ತೋಟಾದ ಬುಡದಲ್ಲಿ, ನಟ್ಟನಡುವೆ, ಕೇಪು ಕುಳಿತಿರುತ್ತದೆ. ರಿಮ್‌ಫೈರ್ ಎನಿಸಿಕೊಳ್ಳುವ ಈ ಕಿರುತೋಟಾದಲ್ಲಿ ಹಾಗಲ್ಲ. ಬುಡದ ಸುತ್ತ ಹೊರಕ್ಕೆ ಚಾಚಿದ ಅಂಚು ಒಳಗೆ ಟೊಳ್ಳು. ಹಸಿಯಾದ ಸ್ಫೋಟಕದ ಒಂದು ಚೂರನ್ನು ಕೋಶದೊಳಗೆ ಹಾಕಿ ಗಿರ್ರನೆ ತಿರುಗಿಸಿದರೆ, ಮಜ್ಜಿಗೆ ಕಡೆಯುವಾಗ ಪಾತ್ರೆಯ ಅಂಚಿಗೆ ಮಜ್ಜಿಗೆ ಏರುವಂತೆ, ಅದು ಆ ಟೊಳ್ಳಿನ ತುಂಬ ಹರಡಿ ಕೂರುತ್ತದೆ. ಆರಿದ ಮೇಲೆ ಮದ್ದು, ಅದರ ಮೇಲೆ ಗುಂಡು. ಕೋವಿಯ ಮೊಳೆ ಅಂಚನ್ನು ಜಜ್ಜಿದಾಗ ಕಿಡಿ ಹುಟ್ಟುತ್ತದೆ. ಜಜ್ಜಿದ ಜಾಗಕ್ಕೆ ಸ್ಫೋಟಕ ತಲಪಿರದಿದ್ದರೆ ಈಡು ಹಾರದು. ಅನುಭವಿಗಳು ಆಗ ತೋಟಾವನ್ನು ತುಸು ತಿರುಗಿಸಿಟ್ಟು ಮತ್ತೊಮ್ಮೆ ಹೊಡೆದು ನೋಡುವುದುಂಟು.

ಈ ಉಪಾಯದ ಬೀಜ ಪ್ಯಾರಿಸಿನದು. 1845ರಲ್ಲಿ ಫ್ಲೋಬೇರ್ ಎಂಬ ಕೋವಿಗಾರನು ಕೇಪಿನ ಬಾಯಿಗೇ ಒಂದು ಪುಟ್ಟ ಸೀಸದ ಗುಂಡನ್ನು ಸಿಕ್ಕಿಸಿದ. ಬೇರೆ ಮದ್ದು ಇರಲಿಲ್ಲ. ಶ್ರೀಮಂತರು ಮನೆಯ ಹಜಾರದಲ್ಲಿ ಗುರಿಯಾಟ ಆಡುವುದಕ್ಕೆ ಅಷ್ಟು ಸಾಕಾಗಿತ್ತು. ಅಮೆರಿಕದ ಸ್ಮಿತ್ ಮತ್ತು ವೆಸನ್ ಎಂಬ ಪಾಲುದಾರರು 1857ರಲ್ಲಿ ಅದನ್ನು ಕೊಂಚ ಉದ್ದಮಾಡಿ, ನಾಲ್ಕು ಗ್ರೇನ್ ಕರಿಮದ್ದು ತುಂಬಿ, ಜೇಬಿನ ರಿವಾಲ್ವರಿಗೆ ಇಟ್ಟರು. ಇಂದಿಗೂ ತಯಾರಾಗುತ್ತಿರುವ .22 ಶಾರ್ಟ್ ಅದೇ. ಬೇಟೆಯ ಮಾತು ಅಲ್ಲಿಯವರೆಗೆ ಇರಲೇ ಇಲ್ಲ.

ಸೋಜಿಗವೆಂದರೆ, ಮುಂದಿನ ಹತ್ತು ವರ್ಷ ಈ ತೋಟಾ ಬೆಳೆಯುತ್ತ ಹೋಯಿತು. 1860ರಲ್ಲಿ ಹೆನ್ರಿ ರೈಫಲಿನ .44 ರಿಮ್‌ಫೈರ್ ಬಂತು. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ಅದೂ, ಸ್ಪೆನ್ಸರ್ ರೈಫಲಿನ ಇನ್ನೂ ದಪ್ಪನೆಯ ತೋಟಾಗಳೂ ಮನುಷ್ಯರ ಮೇಲೆ ಹಾರಿದವು. ಆದರೆ ಬೆಳವಣಿಗೆಗೆ ತೋಟಾದ ಮೈಯೇ ಅಡ್ಡ ಬಂತು. ಮೊಳೆ ಜಜ್ಜಬೇಕಾದರೆ ಅಂಚು ತೆಳುವಾಗಿರಬೇಕು. ಅಂಚು ತೆಳುವಾದರೆ ಹೆಚ್ಚು ಮದ್ದಿನ ಒತ್ತಡಕ್ಕೆ ಸಿಡಿದುಹೋದೀತು. ಇಂದಿನ .22 ಲಾಂಗ್ ರೈಫಲ್ ತೋಟಾಕ್ಕೆ ಚದರ ಅಂಗುಲಕ್ಕೆ 24,000 ಪೌಂಡು ಒತ್ತಡದ ಮಿತಿ ಇದೆ. ನಡುವೆ ಕೇಪಿರುವ ದೊಡ್ಡ ಬೇಟೆಯ ತೋಟಾಗಳು 60,000 ಪೌಂಡನ್ನೂ ಮೀರಿ ತಾಳುತ್ತವೆ. 1870ರ ದಶಕದಲ್ಲಿ ನಡುಗೇಪಿನವು ಬಂದೊಡನೆ ದಪ್ಪ ರಿಮ್‌ಫೈರುಗಳು ಒಂದೊಂದಾಗಿ ಮರೆಯಾದವು. ಉಳಿದದ್ದು ಎಲ್ಲಕ್ಕಿಂತ ಚಿಕ್ಕದು. 1887ರಲ್ಲಿ ಸ್ಟೀವನ್ಸ್ ಕಂಪನಿಯಿಂದ ಬಂದ .22 ಲಾಂಗ್ ರೈಫಲ್ ತೋಟಾದಲ್ಲಿ ಐದು ಗ್ರೇನ್ ಮದ್ದು, ನಲವತ್ತು ಗ್ರೇನಿನ ಗುಂಡು. ಗ್ರೇನ್ ಎಂದರೆ ಕಾಳು. ನಮ್ಮ ಅಕ್ಕಸಾಲಿಗರು ಗುಲಗಂಜಿಯಿಂದ ತೂಗಿದಂತೆ ಅವರು ಧಾನ್ಯದ ಕಾಳಿನಿಂದ ತೂಗಿದರು. ನಲವತ್ತು ಗ್ರೇನ್ ಎಂದರೆ ಎರಡೂವರೆ ಗ್ರಾಮಿಗೆ ತುಸು ಹೆಚ್ಚು, ಸುಮಾರು ಇಪ್ಪತ್ತೊಂದು ಗುಂಜಿ.

ಇಷ್ಟು ಪುಟ್ಟ ಗುಂಡಿನಿಂದ ಏನನ್ನು ಹೊಡೆಯಬಹುದು, ಏನನ್ನು ಹೊಡೆಯಬಾರದು? ರಿಮ್‌ಫೈರ್ ಬೇಟೆಯ ಚರಿತ್ರೆಯೆಲ್ಲ ಈ ಪ್ರಶ್ನೆಯ ಸುತ್ತ ಬೆಳೆದದ್ದು. ಪ್ರಶ್ನೆ ನನಗೆ ಪುಸ್ತಕದಿಂದ ಬಂದುದಲ್ಲ.

ಕೇಪಿನ ಕೋವಿಗೆ ಮನೆಯಲ್ಲೇ ಈಡು ತುಂಬಿ ಹೊರಡಬೇಕು. ಎಂದರೆ, ಕಾಡಿಗೆ ಹೋಗುವ ಮೊದಲೇ ಪ್ರಾಣಿ ಯಾವುದೆಂದು ನಿಶ್ಚಯಿಸಬೇಕು. ಒಂದು ಸಂಜೆ ಚಿಕ್ಕಪ್ಪಯ್ಯ ಕಾಡುಕೋಳಿಗೆಂದು ಸಣ್ಣ ಚರೆ ತುಂಬಿಕೊಂಡು ಹೊರಟರು, ನಾನು ಹಿಂದೆ. ಹಳ್ಳದ ತಿರುವಿನಲ್ಲಿ ಎದುರಾದದ್ದು ಕಾಡುಕುರಿ. ತುಂಬಿದ ಈಡನ್ನು ಬದಲಿಸಲು ಸಮಯವಿಲ್ಲ, ಆಸೆ ತಡೆಯಲಿಲ್ಲ. ಈಡು ಹಾರಿತು, ಕಾಡುಕುರಿಯೂ ಹಾರಿತು. ಎಲೆಯ ಮೇಲೆ ನಾಲ್ಕು ಹನಿ ನೆತ್ತರು. ಕತ್ತಲಾಗುವವರೆಗೆ ಹುಡುಕಿದೆವು. ಮೂರನೆಯ ದಿನ ದನ ಕಾಯುವವರು ವಾಸನೆ ಹಿಡಿದು ಬಂದು ಹೇಳಿದರು. ಚಿಕ್ಕಪ್ಪಯ್ಯ ಅಂದು ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. "ತಪ್ಪು ಗುರಿಯದಲ್ಲ ಮಗಾ, ಈಡಿನದು" ಎಂದಷ್ಟೇ ಅಂದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನಮ್ಮಲ್ಲಿ ಬೇಟೆಗೆ ಕಡಿವಾಣ ಹಾಕಿತು, 1991ರ ತಿದ್ದುಪಡಿ ಪರವಾನಗಿಯ ಬೇಟೆಯನ್ನೂ ನಿಲ್ಲಿಸಿತು. ಆದ್ದರಿಂದ ಮುಂದೆ ಹೇಳುವುದೆಲ್ಲ ಬೇಟೆ ಇನ್ನೂ ನಡೆಯುವ ಪರದೇಶಗಳ ಮಾತು. ಆದರೆ ಚಿಕ್ಕಪ್ಪಯ್ಯನ ಮಾತು ಅಲ್ಲಿಯೂ ಸಲ್ಲುತ್ತದೆ.

ಅಮೆರಿಕದ ಅಳಿಲುಬೇಟೆಗಾರ, ಇಂಗ್ಲೆಂಡಿನ ಮೊಲಬೇಟೆಗಾರ, ಇಬ್ಬರಿಗೂ .22 ಲಾಂಗ್ ರೈಫಲ್ ಸಾಕು. ಆದರೆ ಆ ಒಂದೇ ಹೆಸರಿನಲ್ಲಿ ಹತ್ತಾರು ಬಗೆಗಳಿವೆ. ಮೂತಿ ಗಟ್ಟಿಯಾಗಿ ದುಂಡಗಿರುವ ಗುಂಡು ನೇರ ತೂತು ಕೊರೆದು ಹೋಗುತ್ತದೆ. ಮಾಂಸ ಕೆಡುವುದಿಲ್ಲ, ಆದರೆ ತಲೆಗೆ ತಾಗದಿದ್ದರೆ ಪ್ರಾಣಿ ಗಾಯದೊಡನೆ ಓಡೀತು. ಮೂತಿ ಟೊಳ್ಳಾದದ್ದು ತಾಗಿದೊಡನೆ ಅರಳಿ ಒಳಗೇ ಬಲವನ್ನೆಲ್ಲ ಸುರಿಯುತ್ತದೆ. ಎದೆಗೆ ಬಿದ್ದರೂ ಮೊಲ ಅಲ್ಲೇ ಉರುಳುತ್ತದೆ. ವೇಗ ತೀರ ಕಡಿಮೆಯಾದರೆ ಮಾತ್ರ ಅದು ಅರಳದೆ ಗಟ್ಟಿಗುಂಡಿನಂತೆಯೇ ದಾಟಿಹೋಗುವುದುಂಟು.

ವೇಗದ ಮಾತು ಇನ್ನೂ ಸ್ವಾರಸ್ಯವಾದದ್ದು. 1930ರಲ್ಲಿ ರೆಮಿಂಗ್ಟನ್ ಕಂಪನಿ ಅತಿವೇಗದ .22 ತೋಟಾವನ್ನು ಮಾರುಕಟ್ಟೆಗೆ ತಂದಿತು. ಇಂದು ಅಂಥವು ಸೆಕೆಂಡಿಗೆ ಸುಮಾರು 1,250 ಅಡಿ ಓಡುತ್ತವೆ. ಶಬ್ದದ ವೇಗ ಸುಮಾರು 1,125 ಅಡಿ. ಶಬ್ದವನ್ನು ಮೀರಿದ ಗುಂಡು ಚಟೀರೆಂದು ಸದ್ದು ಮಾಡುತ್ತ ಹೋಗುತ್ತದೆ. ಹುಲ್ಲುಗಾವಲಿನ ಮುಸ್ಸಂಜೆಯಲ್ಲಿ ಒಂದು ಮೊಲ ಬಿದ್ದರೂ ಉಳಿದವು ಬಿಲ ಸೇರದಂತಿರಬೇಕೆಂದು ಇಂಗ್ಲೆಂಡಿನವರು ಶಬ್ದಕ್ಕಿಂತ ನಿಧಾನದ ತೋಟಾವನ್ನೇ, ಸದ್ದಡಗಿಸುವ ನಳಿಗೆಯೊಡನೆ, ಬಳಸುತ್ತಾರೆ. ಗಾಳಿಯೂ ಈ ನಿಧಾನದ ಗುಂಡನ್ನು ಅತಿವೇಗದ್ದಕ್ಕಿಂತ ಕಡಿಮೆಯೇ ತಳ್ಳುತ್ತದೆ. ಶಬ್ದದ ವೇಗದ ಎಲ್ಲೆಯ ಬಳಿ ಗಾಳಿಯ ತಡೆ ಏರುವುದರಿಂದ ಹೀಗಾಗುತ್ತದೆ. ನಂಬುವುದು ಕಷ್ಟ, ಆದರೂ ನಿಜ. ಅತಿವೇಗದ್ದು ಕೂಡ ಐವತ್ತು ಗಜಕ್ಕೆ ಗುರಿ ಹೊಂದಿಸಿದರೆ ನೂರು ಗಜದಲ್ಲಿ ಅರ್ಧ ಅಡಿಗೂ ಮಿಕ್ಕಿ ಕೆಳಗಿಳಿಯುತ್ತದೆ. ಬಲ್ಲವರು ಎಪ್ಪತ್ತೈದು ಗಜದಾಚೆ ಕೈಯೆತ್ತುವುದಿಲ್ಲ. ಗುಂಡು ಮಾತ್ರ ಮೈಲಿಗೂ ಆಚೆ ಹೋಗಬಲ್ಲದು. ಒದ್ದೆ ನೆಲ, ಕಲ್ಲುಗಳಿಗೆ ತಾಗಿ ಪುಟಿದೀತು.

ನರಿ, ಅಮೆರಿಕದ ಕಯೋಟಿ, ರಕೂನ್ ಮುಂತಾದ ನಡುಗಾತ್ರದ ಪ್ರಾಣಿಗಳ ಎದುರು .22 ಲಾಂಗ್ ರೈಫಲ್ ತತ್ತರಿಸುತ್ತದೆ. ಅದರ ಬಲ ಸುಮಾರು 130 ಅಡಿ-ಪೌಂಡು. 1959ರಲ್ಲಿ ವಿಂಚೆಸ್ಟರ್ ಕಂಪನಿ ತಂದ .22 ಮ್ಯಾಗ್ನಮ್ ಈ ಕೊರತೆಯನ್ನು ತುಂಬಿತು: ಅದೇ ನಲವತ್ತು ಗ್ರೇನ್ ಗುಂಡು, ಬಲ ಮಾತ್ರ ಮುನ್ನೂರು ದಾಟಿತು. 2002ರಲ್ಲಿ ಹಾರ್ನಡಿ ಕಂಪನಿ ಅದೇ ಕೋಶದ ಕತ್ತನ್ನು ಹಿಸುಕಿ, ಹದಿನೇಳು ಗ್ರೇನಿನ ಗುಂಡಿಟ್ಟು .17 ಎಚ್.ಎಂ.ಆರ್. ಮಾಡಿತು, ಸೆಕೆಂಡಿಗೆ 2,550 ಅಡಿ ವೇಗ. ಅದು ತಾಗಿದೊಡನೆ ಪುಡಿಯಾಗುವುದರಿಂದ ಪುಟಿಯುವ ಭಯ ಕಡಿಮೆ. ತಿನ್ನುವ ಮೊಲಕ್ಕೆ ಎದೆಯಲ್ಲಿ ಬಿದ್ದರೆ ಮಾಂಸ ಹಾಳು. ಇನ್ನೂ ದಪ್ಪ ಅಂಚಿನ .17 ವಿಂಚೆಸ್ಟರ್ ಸೂಪರ್ ಮ್ಯಾಗ್ನಮ್ ಅನ್ನು ಕಟ್ಟಡದವರು ಮೊಳೆ ಹೊಡೆಯುವ ಯಂತ್ರದ ತೋಟಾದಿಂದ ರೂಪಿಸಿದರೆಂದು ಓದಿ ನಾನು ನಕ್ಕದ್ದುಂಟು.

ಇಷ್ಟೆಲ್ಲ ಏರಿದರೂ ಅಂಚಿನ ಮಿತಿ ಮಿತಿಯೇ. ಇಂಗ್ಲೆಂಡಿನ ಕಾಯಿದೆಯಂತೆ ಮಂಟ್ಜಾಕ್ ಎಂಬ ಕಿರುಜಿಂಕೆಯನ್ನು ಹೊಡೆಯಲು ರೈಫಲಿಗೆ ಕನಿಷ್ಠ 1,000 ಅಡಿ-ಪೌಂಡು ಬಲವಿರಬೇಕು. ದೊಡ್ಡ ಜಿಂಕೆಗಳಿಗೆ 1,700. ಮ್ಯಾಗ್ನಮ್ಮಿನ ಬಲ ಮೊದಲನೆಯದರ ಮೂರನೆಯ ಒಂದು ಪಾಲು. ಆ ಮಂಟ್ಜಾಕ್ ಚೀನಾದಿಂದ ಹೋದದ್ದು, ನಮ್ಮ ಕಾಡುಕುರಿಯ ದಾಯಾದಿ. ಆ ಅಂಕಿಗಳನ್ನು ಓದುವಾಗ ಹಳ್ಳದ ತಿರುವು ನನ್ನ ಕಣ್ಣಿಗೆ ಬಂತು. ತೋಟಾವನ್ನು ಆರಿಸುವವನು ತಾನು ಹೊಡೆಯದೆ ಬಿಡಬೇಕಾದ ಪ್ರಾಣಿಯನ್ನೂ ಆಗಲೇ ಆರಿಸಿರುತ್ತಾನೆ.

ಕೊನೆಯ ಆಯ್ಕೆಯನ್ನು ಕೋವಿಯೇ ಮಾಡುತ್ತದೆ. ಒಂದೇ ಕಾರ್ಖಾನೆಯ ಎರಡು ರೈಫಲುಗಳಲ್ಲಿ ಒಂದಕ್ಕೆ ಒಗ್ಗಿದ ತೋಟಾ ಇನ್ನೊಂದಕ್ಕೆ ಒಗ್ಗದಿರಬಹುದು. ಆದ್ದರಿಂದ ನಾಲ್ಕಾರು ಬಗೆಯ ಪೆಟ್ಟಿಗೆ ತಂದು, ಐವತ್ತು ಗಜದಲ್ಲಿ ಕಾಗದ ನಿಲ್ಲಿಸಿ, ಒಂದೊಂದರಿಂದ ಐದೈದು ಹಾರಿಸಿ, ಯಾವುದರ ತೂತುಗಳು ಒತ್ತಾಗಿ ಬಿದ್ದವೆಂದು ನೋಡಿಯೇ ಅವರು ಕಾಡಿಗೆ ಹೋಗುತ್ತಾರೆ.

ಈಚೆಗೆ ಸೀಸದ ಮೇಲೆಯೂ ಆಪಾದನೆ ಬಂದಿದೆ. ಬೇಟೆಯಾಡಿ ಬಿಟ್ಟ ಕಳೇಬರದೊಳಗಿನ ಸೀಸದ ಚೂರುಗಳನ್ನು ತಿಂದು ಕ್ಯಾಲಿಫೋರ್ನಿಯಾದ ಕಾಂಡೋರ್ ಎಂಬ ಹದ್ದುಗಳು ವಿಷವೇರಿ ಸತ್ತವು. 2019ರ ಜುಲೈ 1ರಿಂದ ಆ ರಾಜ್ಯ ಕಾಡುಪ್ರಾಣಿಗಳ ಬೇಟೆಗೆ ಸೀಸದ ಗುಂಡನ್ನು ಪೂರ್ತಿ ನಿಷೇಧಿಸಿತು. ತಾಮ್ರ ಸೀಸಕ್ಕಿಂತ ಹಗುರ. ಅದೇ ಅಳತೆಯ ಗುಂಡು ತೂಕ ಕಳೆದುಕೊಳ್ಳುತ್ತದೆ. ಅಲ್ಲಿಯ ಅಳಿಲುಬೇಟೆಗಾರ ತನ್ನ ಹಳೆಯ ಕೋವಿಗೆ ಯಾವುದು ಒಗ್ಗೀತೆಂದು ಮತ್ತೆ ಕಾಗದದ ಮುಂದೆ ಮಲಗಬೇಕಾಯಿತು.