ಲೈನುಮನೆಯ ಮಗುವೂ ಮಲೆನಾಡಿನ ಶಾಲೆಯೂ

ಸಕಲೇಶಪುರ, ಆಲೂರು ಸೀಮೆಯ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ 1792ರಲ್ಲಿ ಟಿಪ್ಪು ಸುಲ್ತಾನನು ಕಟ್ಟಿಸಿದ ಮಂಜರಾಬಾದಿನ ನಕ್ಷತ್ರಾಕಾರದ ಕೋಟೆಯಿಂದ ಆರಂಭಿಸಿ, ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಕಾಡು ಕಡಿದು ಕಾಫಿ ನೆಟ್ಟ ಆಂಗ್ಲ ದೊರೆಗಳನ್ನೂ, ಅವರೊಳಗೆ ಗ್ರಂಥಕರ್ತನೆನಿಸಿದ ರಾಬರ್ಟ್ ಎಲಿಯಟ್ಟನನ್ನೂ ಸ್ಮರಿಸಿ, ಅಲ್ಲಿಂದ ನೇರವಾಗಿ ಕಾಫಿಯ ಧಾರಣೆಗೆ ಬಂದುಬಿಡುತ್ತಾರೆ. ಮೇಸ್ತ್ರಿಯ ಹಿಂದೆ, ಗಂಟು ಹೊತ್ತ ತಾಯಿಯ ಸೆರಗು ಹಿಡಿದು ಘಟ್ಟ ಹತ್ತಿ ಬಂದ ಮಗುವಿಗೆ ಆ ಚರಿತ್ರೆಯಲ್ಲಿ ಸ್ಥಳವಿಲ್ಲ. ಆದರೆ ಇಲ್ಲಿನ ಶಾಲೆಗಳ ಕಥೆಯನ್ನು ಅರಿಯಬೇಕಾದರೆ ಆ ಮಗುವಿನಿಂದಲೇ ತೊಡಗಬೇಕು. ಏಕೆಂದರೆ ಶಾಲೆಯು ಏರ್ಪಟ್ಟುದು ಊರಿನಲ್ಲಿ ಹುಟ್ಟಿ ಬೆಳೆದ ಮಗುವಿಗಾಗಿ, ತೋಟವು ನಡೆದುದಾದರೋ ಬಹುಮಟ್ಟಿಗೆ ಪರಸ್ಥಳದಿಂದ ಬಂದವರ ದುಡಿಮೆಯಿಂದ.

ಶಿರಾಡಿ, ಬಿಸಿಲೆ ಘಟ್ಟಗಳ ಕೆಳಗಿನ ದಕ್ಷಿಣ ಕನ್ನಡದಿಂದಲೂ ಬಯಲುಸೀಮೆಯಿಂದಲೂ ತಮಿಳು ಜಿಲ್ಲೆಗಳಿಂದಲೂ ಮೇಸ್ತ್ರಿಗಳು ಮುಂಗಡ ಕೊಟ್ಟು ಆಳುಗಳನ್ನು ಕರೆತರುತ್ತಿದ್ದರು. ಶಿವರಾಮ ಕಾರಂತರ 'ಚೋಮನ ದುಡಿ'ಯಲ್ಲಿ ಚೋಮನ ಮಕ್ಕಳು ಸಾಲ ತೀರಿಸಲೆಂದು ಕಾಫಿತೋಟಕ್ಕೆ ಹೋದ ಪ್ರಸಂಗವನ್ನು ಓದದ ಕನ್ನಡಿಗರು ವಿರಳ. ಹಾಗೆ ಬಂದವರಲ್ಲಿ ಸಂಸಾರವಂದಿಗರೂ ಇದ್ದರು. ಒಂದೇ ಮಾಡಿನಡಿ ಸಾಲಾಗಿ ಕಟ್ಟಿದ ಲೈನಿನ ಒಂದೊಂದು ಕೋಣೆ ಒಂದೊಂದು ಕುಟುಂಬದ ಮನೆಯಾಯಿತು. ಕರಾವಳಿಯ ಮಗುವಿಗೆ ಮಳೆ ಹೊಸದಲ್ಲ, ಚಳಿ ಹೊಸದು. ಬಯಲುಸೀಮೆಯ ಮಗುವಿಗಾದರೋ ಎರಡೂ ಹೊಸದು, ಕಾಲಿಗೆ ಹತ್ತುವ ಇಂಬಳವಂತೂ ಕನಸಿನಲ್ಲಿಯೂ ಕಾಣದ ಜೀವಿ. ಒಂದು ಕೋಣೆಯಲ್ಲಿ ತುಳು, ಗೋಡೆಯಾಚೆ ತಮಿಳು, ತೋಟದ ಲೆಕ್ಕ ಬರೆಯುವ ರೈಟರ ಬಾಯಿಂದ ಹಾಸನದ ಕನ್ನಡ. ಇವನ್ನೆಲ್ಲ ಮಕ್ಕಳು ಬಹುಬೇಗ ಕಲಿತುಬಿಡುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ.

ಕಷ್ಟವಿದ್ದುದು ನುಡಿಯಲ್ಲಲ್ಲ, ಶಾಲೆಯ ವ್ಯವಸ್ಥೆಯಲ್ಲಿ. ಮೈಸೂರು ಸೀಮೆಯಲ್ಲಿ 1868ರ ಸುಮಾರಿಗೆ ವಿದ್ಯಾ ಇಲಾಖೆಯ ಅಧಿಕಾರಿ ರೈಸ್ ಸಾಹೇಬರ ಯೋಜನೆಯಂತೆ ಹೋಬಳಿ ಶಾಲೆಗಳು ಹುಟ್ಟಿದುವು. 1913ರಲ್ಲಿ ಕಡ್ಡಾಯ ಶಿಕ್ಷಣದ ಶಾಸನವೂ ಬಂದಿತು. ಆದರೆ ಹೋಬಳಿಗೊಂದು ಶಾಲೆಯೆಂಬ ಲೆಕ್ಕ ಬಯಲಿನಲ್ಲಿ ಸಲ್ಲುವಂತೆ ಹೆತ್ತೂರು, ಯಸಳೂರು, ಹಾನುಬಾಳಿನ ಕಣಿವೆಗಳಲ್ಲಿ ಸಲ್ಲುವುದು ಹೇಗೆ? ಹಳ್ಳ ತುಂಬಿ ಸಂಕ ಮುಳುಗಿತೆಂದರೆ ಅರ್ಧ ಹರಿದಾರಿಯ ಶಾಲೆಯೂ ಪರದೇಶವೇ. ಚಳಿಜ್ವರಕ್ಕೂ ಜ್ವರಗಡ್ಡೆಗೂ ಹೆದರಿದ ಬಯಲುಸೀಮೆಯ ಉಪಾಧ್ಯಾಯರು ಇಲ್ಲಿಗೆ ವರ್ಗವಾದರೆ ಹಿಂದಿರುಗುವ ಹಂಬಲದಲ್ಲಿಯೇ ಇರುತ್ತಿದ್ದುದಕ್ಕೆ ಅವರನ್ನು ದೂಷಿಸಲಾರೆ. ಇದರ ಮೇಲೆ, 1956ರ ನವೆಂಬರ್ 1ರವರೆಗೆ, ಕೆಳಗಿನಿಂದ ಘಟ್ಟ ಹತ್ತುವುದೆಂದರೆ ಮದ್ರಾಸಿನ ಆಡಳಿತವನ್ನು ಬಿಟ್ಟು ಮೈಸೂರನ್ನು ಸೇರುವುದೆಂದೇ ಅರ್ಥ. ಕನ್ನಡ ಒಂದೇ ಆದರೂ ಅದನ್ನು ಕಲಿಸುವ ಇಲಾಖೆ ಎರಡಾಗಿದ್ದಿತು.

ಎಲ್ಲಕ್ಕಿಂತ ದೊಡ್ಡ ವಿಘ್ನ ಕೊಯ್ಲು. ಅರೇಬಿಕಾ ಹಣ್ಣು ನವೆಂಬರಿನಿಂದ, ರೋಬಸ್ಟಾ ಅದರ ಬೆನ್ನಿಗೆ. ಪಾಠಗಳು ರಭಸದಿಂದ ಸಾಗಬೇಕಾದ ತಿಂಗಳುಗಳಲ್ಲಿಯೇ ತೋಟಕ್ಕೆ ಕೈಗಳು ಸಾಲವು. ತೂಕಕ್ಕೆ ಕೂಲಿಯಾದುದರಿಂದ ಗಿಡದ ಬುಡದ ಉದುರು ಹಣ್ಣನ್ನು ಹೆಕ್ಕುವ ಪುಟ್ಟ ಕೈಗೂ ಬೆಲೆ ಉಂಟು. ತಾಯಿ ಕೊಯ್ಲಿಗೆ ಹೋದಳೆಂದರೆ ಕೂಸನ್ನೆತ್ತಿಕೊಳ್ಳಲು ಎಂಟು ವರ್ಷದ ಅಕ್ಕ ಬೇಕೇ ಬೇಕು. ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯೆಂದು ಬರೆಯಲ್ಪಟ್ಟ ಆ ಅಕ್ಕ, ತನ್ನ ಕೆಲಸದಲ್ಲಿ ಒಂದು ದಿನವೂ ಗೈರಾದವಳಲ್ಲ.

1951ರ ತೋಟ ಕಾರ್ಮಿಕರ ಕಾಯಿದೆ ಈ ಮಕ್ಕಳನ್ನು ಮೊದಲ ಬಾರಿಗೆ ಲೆಕ್ಕಕ್ಕೆ ತೆಗೆದುಕೊಂಡಿತು. 6ರಿಂದ 12 ವರ್ಷದ ಮಕ್ಕಳು 25ಕ್ಕಿಂತ ಹೆಚ್ಚಿದ್ದಲ್ಲಿ ವಿದ್ಯಾಭ್ಯಾಸದ ಅನುಕೂಲವನ್ನು ಮಾಲೀಕನೇ ಒದಗಿಸುವಂತೆ ಸರ್ಕಾರ ನಿಯಮ ಮಾಡಬಹುದಾಗಿದ್ದಿತು. 50 ಮಂದಿ ಹೆಣ್ಣಾಳುಗಳಿದ್ದಲ್ಲಿ ಕೂಸಿನಮನೆ ಇರತಕ್ಕದ್ದಾಗಿದ್ದಿತು. ಆದರೆ ಮೊದಲಿಗೆ ಕಾಯಿದೆ ಅನ್ವಯಿಸಿದುದೇ 25 ಎಕರೆಗೂ 30 ಆಳುಗಳಿಗೂ ಕಡಿಮೆಯಿಲ್ಲದ ತೋಟಗಳಿಗೆ. ಹತ್ತೆಕರೆಯ ಸಣ್ಣ ಬೆಳೆಗಾರನ ಲೈನಿನಲ್ಲಿದ್ದ ನಾಲ್ಕು ಮಕ್ಕಳು ಯಾವ ಲೆಕ್ಕಕ್ಕೂ ಸಿಕ್ಕಲಿಲ್ಲ.

ಅತ್ತ 1979ರಲ್ಲಿ ಗೊರೂರಿನ ಅಣೆಕಟ್ಟು ಪೂರ್ತಿಯಾಗಿ ಹೇಮಾವತಿಯ ಹಿನ್ನೀರು ಹಳ್ಳಿಗಳನ್ನು ಆವರಿಸಿದಾಗ, ಮನೆಯನ್ನೂ ಶಾಲೆಯನ್ನೂ ಒಟ್ಟಿಗೆ ಕಳೆದುಕೊಂಡು ಬೇರೆ ನೆಲೆ ಹಿಡಿದ ಮಕ್ಕಳದೊಂದು ಪ್ರತ್ಯೇಕ ಅಧ್ಯಾಯ. ಅದು ಇಲ್ಲಿ ಮುಗಿಯುವಂಥದಲ್ಲ. 2009ರ ಶಿಕ್ಷಣದ ಹಕ್ಕಿನ ಕಾಯಿದೆ ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣದಿಂದ ಪ್ರವೇಶ ನಿರಾಕರಿಸಬಾರದೆಂದು ವಿಧಿಸಿ, ಇಂದು ಅಸ್ಸಾಮಿನಿಂದ ಬಂದಿಳಿಯುವ ಮಗುವಿಗೂ ಬಾಗಿಲು ತೆರೆದಿದೆ.

ಆದರೂ ದೀರ್ಘ ರಜೆ ಏಪ್ರಿಲ್, ಮೇ ತಿಂಗಳಿನಲ್ಲಿಯೇ ಬೀಳುತ್ತದೆ. ಅದನ್ನು ಕೊಯ್ಲಿನ ಕಾಲಕ್ಕೆ ಬದಲಿಸಿದರೆ ಮಕ್ಕಳನ್ನೇ ತೋಟಕ್ಕೆ ಹಚ್ಚಿದಂತಾಗುವುದೆಂಬ ಆಕ್ಷೇಪ ಸಾಧುವಾದುದೇ. ಆದುದರಿಂದ ನನ್ನ ಮತದಲ್ಲಿ ಲೈನುಮನೆಯ ಹುಡುಗಿಗೆ ಶಾಲೆಯ ನಿಯಮಕ್ಕಿಂತ ಕೂಸಿನಮನೆಯ ನಿಯಮವೇ ಹೆಚ್ಚು ಉಪಕಾರಿಯಾದುದು. ಅದನ್ನು ತೋಟದ ವಿಸ್ತೀರ್ಣಕ್ಕೆ ಕಟ್ಟಿಹಾಕಿದುದು ತಪ್ಪು.