ತುಂಗಾ-ಭದ್ರಾ ಮೂಲಪ್ರದೇಶದ ಮತ್ಸ್ಯಾವಲೋಕನ

ಜಲಾಶ್ರಯವೊಂದರಲ್ಲಿ ಯಾವ ಯಾವ ಜಾತಿಯ ಮೀನುಗಳು ಎಷ್ಟೆಷ್ಟು ಪ್ರಮಾಣದಲ್ಲಿ ವಾಸಿಸುತ್ತಿವೆ, ಅವುಗಳ ಸಂತತಿ ವರ್ಷದಿಂದ ವರ್ಷಕ್ಕೆ ವೃದ್ಧಿಸುತ್ತಿದೆಯೋ ಕ್ಷಯಿಸುತ್ತಿದೆಯೋ ಎಂಬುದನ್ನು ನಿಯತವಾಗಿ ಪರೀಕ್ಷಿಸಿ ದಾಖಲಿಸುವ ಕಾರ್ಯವೇ ಮತ್ಸ್ಯಾವಲೋಕನ. ಕಡಲಿನಲ್ಲಿ ಇದು ಕಾಂಕ್ರೀಟಿನ ಅಚ್ಚುಗಳನ್ನು ಮುಳುಗಿಸಿ ರಚಿಸಿದ ಕೃತಕ ಬಂಡೆಸಾಲುಗಳ ಸುತ್ತ ಮುಳುಗುಗಾರರಿಂದಲೂ ಕ್ಯಾಮೆರಾಗಳಿಂದಲೂ ನಡೆಯುತ್ತದೆ. ಚಿಕ್ಕಮಗಳೂರು ಜಿಲ್ಲೆಯ ಕಾಫಿಮಲೆಗಳಲ್ಲಾದರೋ ಅಂತಹ ಬಂಡೆಸಾಲುಗಳ ಸ್ಥಾನದಲ್ಲಿರುವುವು ನದಿಗಳೇ ಕೊರೆದುಕೊಂಡ ಮಡುಗಳು, ಕಳಸದ ಬಳಿಯ ಅಂಬಾತೀರ್ಥದಂತಹ ಶಿಲಾಸಂಕುಲಗಳು ಹಾಗೂ ದೇವಾಲಯಗಳ ಮುಂದಿನ ಸೋಪಾನಪಂಕ್ತಿಗಳು. ವರಾಹಪರ್ವತದ ಗಂಗಾಮೂಲದಲ್ಲಿ ಹುಟ್ಟಿ ತುಂಗೆ ಶೃಂಗೇರಿಯ ಕಡೆಗೂ, ಭದ್ರೆ ಕುದುರೆಮುಖ, ಕಳಸ, ಬಾಳೆಹೊನ್ನೂರುಗಳ ಮೂಲಕ ಲಕ್ಕವಳ್ಳಿಯ ಕಡೆಗೂ ಹರಿಯುತ್ತವೆ, ಮೂಡಿಗೆರೆ ತಾಲ್ಲೂಕಿನಲ್ಲಿ ಉಗಮಿಸುವ ಹೇಮಾವತಿ ಕಾವೇರಿಯನ್ನು ಸೇರುತ್ತದೆ, ನೇತ್ರಾವತಿ ಪಡುಗಡಲಿಗಿಳಿಯುತ್ತದೆ. ಹೀಗೆ ಒಂದೇ ಮಲೆಯ ನೀರು ಮೂರು ದಿಕ್ಕುಗಳಿಗೆ ಹಂಚಿಹೋಗುವುದರಿಂದ, ಹತ್ತಾರು ಮೈಲಿಗಳೊಳಗೆ ಮೂರು ನದೀವ್ಯವಸ್ಥೆಗಳ ಮತ್ಸ್ಯಗಳನ್ನು ಹೋಲಿಸಿ ನೋಡುವ ಅವಕಾಶ ಇಲ್ಲಿ ದೊರೆಯುತ್ತದೆ.

ಕನ್ನಡನಾಡಿನಲ್ಲಿ ಮೀನುಗಳನ್ನು ಕುತೂಹಲದಿಂದ ನಿರೀಕ್ಷಿಸಿ ವರ್ಗೀಕರಿಸಿದ ಪ್ರಾಚೀನ ನಿದರ್ಶನವೆಂದರೆ ಹನ್ನೆರಡನೆಯ ಶತಮಾನದ ಕಲ್ಯಾಣ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’. ಅದರ ಮತ್ಸ್ಯವಿನೋದ ಪ್ರಕರಣದಲ್ಲಿ ಮೀನುಗಳ ಭೇದಗಳೂ, ಅವುಗಳಿಗೆ ಹಾಕಬೇಕಾದ ಆಹಾರವೂ, ಗಾಳ ಹಿಡಿಯುವ ಕ್ರಮವೂ ನಿರೂಪಿತವಾಗಿವೆ. ಅರಸನಿಗೆ ಅದು ವಿನೋದ. ಶೃಂಗೇರಿಯ ತುಂಗಾತೀರದಲ್ಲಿ ಭಕ್ತರು ಮಂಡಕ್ಕಿಯನ್ನು ಚೆಲ್ಲಿ, ಹಿಡಿಯದೆ, ಹಿಂಸಿಸದೆ ಕಾಪಾಡಿಕೊಂಡು ಬಂದಿರುವ ದೇವರ ಮೀನುಗಳಾದರೋ ವಿನೋದಕ್ಕೂ ಆಹಾರಕ್ಕೂ ಒದಗದವು. ಮಹಶೀರ್ ಪ್ರಧಾನವಾಗಿರುವ ಈ ಸಮೂಹವನ್ನು ದಿನವೂ ಸಾವಿರಾರು ಕಣ್ಣುಗಳು ನೋಡುತ್ತವೆ. ನೋಡುವುದು ಬೇರೆ, ಎಣಿಸುವುದು ಬೇರೆಯಾದರೂ, ಮೀನು ಕಡಿಮೆಯಾದರೆ ಮೊದಲು ಗಮನಿಸುವವರು ನಿತ್ಯವೂ ಮೆಟ್ಟಿಲಿಗೆ ಬರುವವರೇ ಎಂಬುದು ಈ ಲೇಖಕನ ಅಭಿಪ್ರಾಯ. ಘಟ್ಟದ ಕೆಳಗೆ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ 1996ರಲ್ಲಿ ದುಷ್ಕರ್ಮಿಗಳು ಕಪಿಲಾ ನದಿಗೆ ವಿಷವಿಕ್ಕಿದಾಗ ಜನ ಸತ್ತ ದೇವರ ಮೀನುಗಳಿಗೆ ಸ್ಮಾರಕವನ್ನೇ ನಿರ್ಮಿಸಿದರು.

ಶಾಸ್ತ್ರೀಯ ಪರಿಶೀಲನೆಯು ಹತ್ತೊಂಬತ್ತನೆಯ ಶತಮಾನದ ಆಂಗ್ಲ ಅಧಿಕಾರಿಗಳಿಂದ ಆರಂಭವಾಯಿತು. 1839ರಲ್ಲಿ ಸೈಕ್ಸ್ ದಖ್ಖನಿನ ಮಹಶೀರನ್ನು ಹೆಸರಿಸಿದನು. ದಕ್ಷಿಣ ಕನ್ನಡದ ಕಲೆಕ್ಟರನಾಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಎಂಬ ಗ್ರಂಥವನ್ನು ಪ್ರಕಟಿಸಿದನು. ಫ್ರಾನ್ಸಿಸ್ ಡೇ ಸೊಪ್ಪು ಮೇಯುವ ನಮ್ಮ ಹರಗಿ ಮೀನನ್ನು 1870ರಲ್ಲಿ ದಕ್ಷಿಣ ಕನ್ನಡದಿಂದ ವರ್ಣಿಸಿ, 1875ರಿಂದ 1878ರವರೆಗೆ ಭಾರತದ ಮತ್ಸ್ಯಗಳ ಮಹಾಗ್ರಂಥವನ್ನು ಹೊರತಂದನು. ಇವರ ಆಸಕ್ತಿ ಜಾತಿನಿರ್ಣಯದಲ್ಲಿತ್ತೇ ಹೊರತು ಸಂಖ್ಯೆಯಲ್ಲಲ್ಲ. ಆದರೂ ನದಿಗೆ ವಿಷವಿಕ್ಕುವ, ತೋಟೆ ಸಿಡಿಸುವ ಪದ್ಧತಿಗಳನ್ನು ನಿಷೇಧಿಸಿದ 1897ರ ಭಾರತೀಯ ಮೀನುಗಾರಿಕಾ ಅಧಿನಿಯಮಕ್ಕೂ, ಮೈಸೂರು ಸಂಸ್ಥಾನದ 1901ರ ಮೃಗ ಮತ್ತು ಮತ್ಸ್ಯ ಸಂರಕ್ಷಣಾ ನಿಬಂಧನೆಗೂ ಹಿನ್ನೆಲೆಯಾಗಿದ್ದುದು ಮತ್ಸ್ಯಸಂಪತ್ತು ನಶಿಸುತ್ತಿದೆಯೆಂಬ ಆ ಕಾಲದ ಆತಂಕವೇ.

ಈ ಜಿಲ್ಲೆಯ ಮಟ್ಟಿಗೆ ನಿಜವಾದ ಆದಿರೇಖೆಯೆಂದು ಪರಿಗಣಿಸತಕ್ಕದ್ದು, ಬಿ. ಎಸ್. ಭೀಮಾಚಾರ್ ಹಾಗೂ ಎ. ಸುಬ್ಬರಾವ್ ಇವರು 1941ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಅರ್ಧವಾರ್ಷಿಕ ಪತ್ರಿಕೆಯಲ್ಲಿ ಪ್ರಕಟಿಸಿದ, ಆಗ ಕಡೂರು ಜಿಲ್ಲೆಯೆನಿಸಿದ್ದ ಈ ಪ್ರದೇಶದ ಮೀನುಗಳ ವಿವರಣೆ. ಮೈಸೂರು ಸಂಸ್ಥಾನದ ಮೀನುಗಳ ಸರಣಿಯ ಮೊದಲ ಭಾಗಕ್ಕೆ ಈ ಮಲೆಗಳನ್ನೇ ಆರಿಸಿಕೊಂಡದ್ದು ಗಮನಾರ್ಹ. ಅನಂತರ 1945ರಲ್ಲಿ ಭೀಮಾಚಾರರು, ಝರಿಗಳ ಮೀನುಗಳ ಹಂಚಿಕೆಯನ್ನಾಧರಿಸಿ ಪಶ್ಚಿಮಘಟ್ಟಗಳನ್ನೇ ಪ್ರಾಣಿಭೌಗೋಳಿಕ ವಿಭಾಗಗಳನ್ನಾಗಿ ವಿಂಗಡಿಸಿ ತೋರಿಸಿದರು. ಅದೇ ಕಾಲದಲ್ಲಿ ಸುಂದರಲಾಲ್ ಹೋರಾ ಅವರು, ಇಲ್ಲಿಯ ಝರಿಮೀನುಗಳಿಗೂ ಮಲಯದ ಮೀನುಗಳಿಗೂ ಇರುವ ಸಾದೃಶ್ಯವನ್ನು ಸಾತ್ಪುರ ಪರ್ವತಶ್ರೇಣಿಯ ಮೂಲಕ ನಡೆದ ವಲಸೆಯಿಂದ ವಿವರಿಸಲು ಯತ್ನಿಸುತ್ತಿದ್ದರು. ‘ಮಾನಸೋಲ್ಲಾಸ’ದ ಮತ್ಸ್ಯವಿನೋದವನ್ನು ಆಧುನಿಕ ವಿಜ್ಞಾನಿಗಳ ಗಮನಕ್ಕೆ ತಂದವರೂ ಅವರೇ.

ಪಟ್ಟಿಯಿಂದ ಪರಿಣಾಮದ ಕಡೆಗೆ ದೃಷ್ಟಿ ಹೊರಳಿದ್ದು ಸ್ವಾತಂತ್ರ್ಯಾನಂತರ. ಭದ್ರಾವತಿಯ ಕಾರ್ಖಾನೆಗಳ ಕಲ್ಮಷದಿಂದ ಭದ್ರೆಯ ಮೀನುಗಳಿಗೊದಗಿದ ಹಾನಿಯನ್ನು ಕುರಿತು ಎ. ಡೇವಿಡ್ 1956ರಲ್ಲಿ ಪ್ರಕಟಿಸಿದ ಅಧ್ಯಯನ ಈ ನದಿಯ ಮಟ್ಟಿಗೆ ಹೊಸ ದಾರಿ ತೋರಿದುದು. ಅಷ್ಟರಲ್ಲಿ ಲಕ್ಕವಳ್ಳಿಯ ಅಣೆಕಟ್ಟಿನ ಕೆಲಸ ನಡೆದಿತ್ತು. ಹಿನ್ನೀರಿನಲ್ಲಿ ಮುಳುಗಿದ ಕಾಡಿನ ಬೊಡ್ಡೆಗಳು, ಯಾರೂ ಉದ್ದೇಶಿಸದಿದ್ದರೂ, ಒಂದು ವಿಧದಲ್ಲಿ ಮಲೆನಾಡಿನ ಕೃತಕ ಬಂಡೆಸಾಲುಗಳೇ ಆದುವು. ಜಲಾಶಯಗಳಲ್ಲಿ ಕಟ್ಲ, ರೋಹು, ಮೃಗಾಲ್ ಮರಿಗಳನ್ನು ಬಿಡುವ ಪದ್ಧತಿ ಬಂದ ಮೇಲೆ, ಬಲೆಗೆ ಬಿದ್ದ ಮೀನಿನ ತೂಕವೇ ಸಂತತಿಯ ಅಳತೆಯೆಂದು ಗಣಿಸುವ ವಾಡಿಕೆ ಬೆಳೆಯಿತು. ಇದು ಮಾರುಕಟ್ಟೆಯ ಲೆಕ್ಕ. ಹರಗಿ ಹೋಗಿ ಕಟ್ಲ ಬಂದರೆ ಈ ಲೆಕ್ಕದಲ್ಲಿ ನಷ್ಟ ಕಾಣಿಸುವುದೇ ಇಲ್ಲ.

ಕುದುರೆಮುಖದ ಕಬ್ಬಿಣದ ಅದಿರಿನ ಕಂಪೆನಿ 1976ರಲ್ಲಿ ಸ್ಥಾಪಿತವಾಗಿ, ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪಿನಂತೆ 2005ರ ಅಂತ್ಯಕ್ಕೆ ಗಣಿಗಾರಿಕೆ ನಿಲ್ಲಿಸುವವರೆಗೆ, ಮುಂಗಾರಿನಲ್ಲಿ ಭದ್ರೆ ಕೆಂಪಾಗಿ ಹರಿಯುವುದು ಕಳಸದವರಿಗೆ ಪರಿಚಿತ ದೃಶ್ಯವಾಗಿತ್ತು. ಕಳಸದ ಸಮೀಪದ ನೆಲ್ಲಿಬೀಡಿನಲ್ಲಿ ನದಿಯ ತೇಲುಹೂಳನ್ನು ಅಳೆದ, 2006ರಲ್ಲಿ ಪ್ರಕಟವಾದ ಜಗದೀಶ್ ಕೃಷ್ಣಸ್ವಾಮಿ ಮತ್ತು ಸಂಗಡಿಗರ ಸಂಶೋಧನೆಯು, ಗಣಿಪ್ರದೇಶದ ವಿಸ್ತೀರ್ಣಕ್ಕೆ ಸಾಟಿಯೇ ಇಲ್ಲದಷ್ಟು ದೊಡ್ಡ ಪಾಲು ಹೂಳು ಅಲ್ಲಿಂದಲೇ ಬರುತ್ತಿದ್ದುದನ್ನು ತೋರಿಸಿತು. ಇಲ್ಲಿ ಎಣಿಸಿದ್ದು ಮೀನನ್ನಲ್ಲ, ಮಣ್ಣನ್ನು; ಆದರೆ ಜಲ್ಲಿಕಲ್ಲುಗಳ ಸಂದಿಯಲ್ಲಿ ಮೊಟ್ಟೆಯಿಡುವ, ಬಂಡೆಯ ಪಾಚಿಯನ್ನು ಕೆರೆದು ತಿನ್ನುವ ಝರಿಮೀನುಗಳಿಗೆ ಹೂಳು ಮುಚ್ಚಿದ ಬಂಡೆ ಬೀಗ ಹಾಕಿದ ಉಗ್ರಾಣದಂತೆ. ಮಣ್ಣಿನ ಈ ಗಣನೆ ಎಷ್ಟೋ ಮತ್ಸ್ಯಗಣನೆಗಳಿಗಿಂತ ಉಪಯುಕ್ತವೆಂದು ತೋರುತ್ತದೆ.

ಕಾಫಿಯ ಪಾತ್ರವನ್ನೂ ಹೇಳದೆ ವಿಧಿಯಿಲ್ಲ. ಡಿಸೆಂಬರಿನಿಂದ ಕಟಾವು ನಡೆಯುವ ತಿಂಗಳುಗಳಲ್ಲಿ ಹಣ್ಣಿನ ಸಿಪ್ಪೆ ತೆಗೆದು ತೊಳೆದ ಪಲ್ಪರ್ ಮನೆಯ ನೀರು ಸಂಸ್ಕರಣೆಯಿಲ್ಲದೆ ಹಳ್ಳ ಸೇರಿದರೆ ಕೊಳೆತು ನೀರಿನ ಆಮ್ಲಜನಕವನ್ನು ಹೀರುತ್ತದೆ. ಹಳ್ಳದ ಹರಿವು ಕ್ಷೀಣವಾಗಿರುವುದೂ ಆಗಲೇ. ರೋಗ ತಡೆಯಲು ಕಾಫಿಗಿಡಗಳಿಗೆ ಸಿಂಪಡಿಸುವ ಬೋರ್ಡೋ ದ್ರಾವಣದ ಮೈಲುತುತ್ತವೂ ಮೀನಿಗೆ ವಿಷ.

ಇಪ್ಪತ್ತೊಂದನೆಯ ಶತಮಾನದಲ್ಲಿ ಅನ್ವೇಷಣೆ ಮತ್ತೆ ಚುರುಕಾಯಿತು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯದವರು ಭದ್ರೆಯ ಮೀನುಗಳ ವೈವಿಧ್ಯವನ್ನು ನೀರಿನ ಗುಣದೊಡನೆ ಹೊಂದಿಸಿ ನೋಡಿದರು. ಕುದುರೆಮುಖ ಅರಣ್ಯದ ತುಂಗೆಯಿಂದ ವಿದ್ಯಾಧರ್ ಅಟ್ಕೋರೆ ಮತ್ತಿತರರು 2015ರಲ್ಲಿ ‘ಪೆಥಿಯಾ ಸ್ಟ್ರಯಾಟಾ’ ಎಂಬ ಹೊಸ ಜಾತಿಯನ್ನೇ ವರ್ಣಿಸಿದರು. ನೇತ್ರಾವತಿಯ ಉಪನದಿಗಳಲ್ಲಿ ಕಿರು ಜಲವಿದ್ಯುತ್ ಯೋಜನೆಗಳಿರುವ ಹಾಗೂ ಇಲ್ಲದ ತೊರೆಗಳ ಮೀನುಗಳನ್ನು ತುಲನೆ ಮಾಡಲಾಯಿತು. ಇಂತಹ ಮಾಪನಕ್ಕೆ ಬೀಸುಬಲೆ, ಕಂಡಿಬಲೆಗಳನ್ನೂ ತಿಳಿನೀರಿನ ಪ್ರತ್ಯಕ್ಷ ವೀಕ್ಷಣೆಯನ್ನೂ ಅವಲಂಬಿಸಬೇಕಾಗುವುದರಿಂದ, ಪ್ರವಾಹವಿಳಿದ ತಿಂಗಳುಗಳೇ ಅದಕ್ಕೆ ಅನುಕೂಲ. ಮಲೆನಾಡಿಗರಾದರೋ ಮೀನನ್ನು ಅರಿತದ್ದು ಇದಕ್ಕೆ ವಿರುದ್ಧವಾದ ಋತುವಿನಲ್ಲಿ: ಮುಂಗಾರಿನ ಮೊದಲ ಮಳೆಗೆ ಹಳ್ಳದಿಂದ ಗದ್ದೆಯ ಕಡೆಗೆ ಮೊಟ್ಟೆಯಿಡಲು ನುಗ್ಗುವ ‘ಹತ್ತುಮೀನು’ಗಳನ್ನು ರಾತ್ರಿಯಲ್ಲಿ ಬೆಳಕು ಹಿಡಿದು ಕತ್ತಿಯಿಂದ ಕಡಿಯುತ್ತಲೋ, ತೂಬಿನ ಬಾಯಿಗೆ ಬಿದಿರಿನ ಕೂಳಿಯನ್ನೊಡ್ಡುತ್ತಲೋ ಬಂದವರು, ಯಾವ ವರ್ಷ ಯಾವ ಹಳ್ಳದಲ್ಲಿ ಎಷ್ಟು ಹತ್ತಿದುವೆಂಬುದನ್ನು ನೆನಪಿನಲ್ಲಿಟ್ಟುಕೊಂಡಿರುತ್ತಾರೆ. ಮೂಡಿಗೆರೆಯಲ್ಲಿ ನೆಲೆಸಿ ಗಾಳ ಹಿಡಿದು ಕುಳಿತಿರುತ್ತಿದ್ದ ಪೂರ್ಣಚಂದ್ರ ತೇಜಸ್ವಿಯವರಂತಹ ಲೇಖಕರ ಹೊರತು ಈ ಜ್ಞಾನವನ್ನು ಬರಹಕ್ಕಿಳಿಸಿದವರು ವಿರಳ. ಗದ್ದೆಗಳು ತೋಟಗಳಾಗಿಯೋ ಹಡಿಲು ಬಿದ್ದೋ ಹತ್ತುಮೀನಿನ ದಾರಿ ಮುಚ್ಚುತ್ತಿರುವ ಕಡೆಗಳಲ್ಲಿ, ಸಂತಾನಕಾಲದ ಮತ್ಸ್ಯಗಣನೆಗೆ ಉಳಿದಿರುವ ಆಧಾರವೆಂದರೆ ವೃದ್ಧರಾದ ಕೃಷಿಕರ ಹೇಳಿಕೆಗಳು ಮಾತ್ರ.